ಕದ್ದ ಪಾಠ

"ಆ ಪ್ಲಗ್ ಕೀಳಿ ಮೇಡಂ!"

ಚಿನ್ಮಯಿ ಬೆಚ್ಚಿಬಿದ್ದಳು. ಪ್ರೊಜೆಕ್ಟರಿನ ವೈರು ಕೈಯಲ್ಲೇ ಉಳಿಯಿತು.

ಬಾಗಿಲಲ್ಲಿ ನಿಂತಿದ್ದವನು ತಿರುಮಲೇಶ... ತಾಂಬರಂನ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಒಬ್ಬನೇ ಒಬ್ಬ ಮೇಷ್ಟ್ರು. ಚಾಮರಾಜನಗರದ ಕಡೆಯವನು, ಚೆನ್ನೈಗೆ ಬಂದು ಮೂರು ವರ್ಷವಾಗಿತ್ತು. ಕಂಕುಳಲ್ಲಿ ಹಾಜರಿ ಪುಸ್ತಕ, ಮೂಗಿನ ತುದಿಯಲ್ಲಿ ಕೋಪ!

"ಸರ್, ನಾನು 'ಪಾಠಸಖಿ' ಕಂಪನಿಯಿಂದ..."

"ಗೊತ್ತು. ಮುಂದಿನ ಸೆಮಿಸ್ಟರಿಂದ ಕನ್ನಡಕ್ಕೆ ಮೇಷ್ಟ್ರು ಬೇಡ, ಎಐ ಸಾಕು ಅಂತ ಮ್ಯಾನೇಜ್‌ಮೆಂಟ್ ಕಿವಿ ಊದಿರೋರು ನೀವೇ ತಾನೇ?"

"ಅದು ಬಂದು ಸರ್... ನಮ್ಮ ಆ್ಯಪ್ ಬಂದು, ಮೇಷ್ಟ್ರಿಗೆ ಸಹಾಯ ಮಾಡೋಕೆ..."

"ಎಲ್ಲಿಂದ ಬಂದು?"

ಅವನ ಹಿಂದಿದ್ದ ಎಂಟು ಜನ ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಚಿನ್ಮಯಿಯ ಮುಖ ಕೆಂಪಾಯಿತು. ಪಾಪ, ಅವಳದೇನು ತಪ್ಪು? ಹುಟ್ಟಿದ್ದು, ಬೆಳೆದದ್ದು ಎಲ್ಲ ಪುರಸೈವಾಕ್ಕಂನಲ್ಲಿ. ಅಪ್ಪ ರೈಲ್ವೆಯವರು. ತಮಿಳಿನವರು ಮಾತಿಗೊಮ್ಮೆ 'ವಂದು' ಅನ್ನುತ್ತಾರಲ್ಲ, ಅದು ಇವರ ಮನೆಯ ಕನ್ನಡದಲ್ಲಿ 'ಬಂದು' ಆಗಿ ಠಿಕಾಣಿ ಹೂಡಿತ್ತು. ಇಪ್ಪತ್ತಾರು ವರ್ಷ ಯಾರೂ ಅದಕ್ಕೆ ನಕ್ಕಿರಲಿಲ್ಲ.

ತಿರುಮಲೇಶನಿಗೂ ನಗು ಬಂತು. ನಕ್ಕಮೇಲೆ ಕೋಪ ಎಲ್ಲಿಯದು?

"ಒಂದ್ ಕೆಲ್ಸ ಮಾಡಿ. ಒಂದು ತಿಂಗಳು ನನ್ನ ಕ್ಲಾಸಲ್ಲಿ ಕೂತ್ಕೊಂಡು ನೋಡಿ. ಆಮೇಲೂ ಈ ಮಕ್ಕಳಿಗೆ ಮೇಷ್ಟ್ರು ಬೇಡ ಅನ್ನಿಸಿದ್ರೆ ನಾನೇ ಪ್ಲಗ್ ಹಾಕ್ಕೊಡ್ತೀನಿ. ಒಂದೇ ಷರತ್ತು... ಫೋನು ಬ್ಯಾಗಲ್ಲಿರ್ಬೇಕು."

"ಆಯ್ತು ಸರ್," ಎಂದಳು ಚಿನ್ಮಯಿ.

ಮಾತು ಕೊಟ್ಟಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನೀವು ಅವಳನ್ನು ಬೈಯುತ್ತೀರಿ!

ಕಪಟ ಬಂದದ್ದು ಮರುದಿನ, ಅವಳ ಮ್ಯಾನೇಜರ್ ಅಮಿತ್ ಬಾಯಿಂದ.

"ಒಂದು ತಿಂಗಳು ಕ್ಲಾಸಾ? ಸೂಪರ್! ಎಲ್ಲಾ ರೆಕಾರ್ಡ್ ಮಾಡು. ಕನ್ನಡ ಕ್ಲಾಸಿನ ಮಾತು ನಮಗೆ ಎಲ್ಲೂ ಸಿಗ್ತಿಲ್ಲ."

"ಫೋನ್ ಬ್ಯಾಗಲ್ಲಿಡಬೇಕು ಅಂದಿದಾರೆ..."

"ಬ್ಯಾಗಲ್ಲೇ ಇಡು. ಆನ್ ಮಾಡಿ ಇಡು. ಎಲ್ಲರೂ ಮಾಡೋದೇ ಚಿನ್ಮಯಿ. ಇದು ಆಗ್ಲಿಲ್ಲ ಅಂದ್ರೆ ಪ್ರೊಬೇಷನ್ ಮುಗಿಯೋ ಹೊತ್ತಿಗೆ ನಿನಗೂ ಕಷ್ಟ, ನನಗೂ ಕಷ್ಟ."

ಅವಳು ಫೋನನ್ನು ಬ್ಯಾಗಿನಲ್ಲಿಟ್ಟಳು. ಆನ್ ಮಾಡಿಯೇ ಇಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ... 'ಮಾತು ಮೀರಿಲ್ಲವಲ್ಲ, ಬ್ಯಾಗಲ್ಲೇ ಇದೆಯಲ್ಲ' ಎಂದು ತನಗೆ ತಾನೇ ಹೇಳಿಕೊಂಡಳು!

ಮೊದಲ ವಾರ ಅವಳಿಗೆ ಆ ಕ್ಲಾಸಿನ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರು ಮಾತಾಡುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು!

ಎರಡನೆಯ ವಾರ ಕೃತಿಯ ಸರದಿ ಬಂತು. ಬ್ಯಾಂಕಿನವರ ಮಗಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವಳು.

"ನಿಮ್ಮಜ್ಜಿ ಬಗ್ಗೆ ಒಂದೇ ಒಂದು ಮಾತು ಹೇಳು ಕೃತಿ. ಕನ್ನಡದಲ್ಲಿ."

ಕೃತಿ ಬಾಯಿ ತೆರೆದಳು, ಮುಚ್ಚಿದಳು.

"ಅವಸರ ಬೇಡ. ತಪ್ಪಾದ್ರೆ ತಿದ್ದೋಕೆ ನಾನಿದ್ದೀನಲ್ಲ?" ಎಂದ ತಿರುಮಲೇಶ. ಆಮೇಲೆ ಮೇಜಿಗೊರಗಿ ಕಾದ.

ಒಂದು ನಿಮಿಷ... ಎರಡು ನಿಮಿಷ... ಯಾರೂ ನಗಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಿನ್ಮಯಿಗೇ ಚಡಪಡಿಕೆ. 'ಅಯ್ಯೋ, ಹೇಳಿಕೊಟ್ಟುಬಿಡಬಾರದೇ!'

ಕಡೆಗೆ ಕೃತಿ ತಲೆತಗ್ಗಿಸಿಕೊಂಡೇ ಹೇಳಿದಳು. "ನಮ್ಮಜ್ಜಿಗೆ... ನಾನು ಹೇಳೋದು ಅರ್ಥ ಆಗಲ್ಲ. ಅದಕ್ಕೆ ಈ ಪೇಪರ್ ತಗೊಂಡೆ."

ಅವಳ ಕಣ್ಣು ತುಂಬಿತ್ತು. ತಿರುಮಲೇಶ ಹೊಗಳಲಿಲ್ಲ, ತಿದ್ದಲೂ ಇಲ್ಲ. "ಇವತ್ತು ಮನೆಗೆ ಹೋಗಿ ಇದನ್ನೇ ಅಜ್ಜಿಗೆ ಹೇಳು," ಎಂದ ಅಷ್ಟೆ.

ಚಿನ್ಮಯಿ ಕರ್ಚೀಫಿಗಾಗಿ ಬ್ಯಾಗಿಗೆ ಕೈಹಾಕಿದಳು. ಬೆರಳಿಗೆ ಬಿಸಿಯಾದ ಫೋನು ತಗುಲಿತು. ಕರ್ಚೀಫು ತೆಗೆಯದೆಯೇ ಜಿಪ್ಪೆಳೆದಳು!

ಅಂದು ಸಂಜೆ ತಾಂಬರಂ ಸ್ಟೇಷನ್ನಿನಲ್ಲಿ ಇಬ್ಬರೂ ಒಂದೇ ಲೋಕಲ್ ಹತ್ತಿದರು. ಅವನು ಕೋಡಂಬಾಕ್ಕಂನಲ್ಲಿ ಇಳಿಯುವವನು, ಅವಳು ಎಗ್ಮೋರಿನಲ್ಲಿ. ಆಮೇಲೆ ದಿನವೂ ಹಾಗೆಯೇ ಆಯಿತು. ಅವನು ಅವಳ 'ಬಂದು'ಗಳನ್ನು ಎಣಿಸುತ್ತಿದ್ದ. ಪಲ್ಲಾವರಂ ಬರುವಷ್ಟರಲ್ಲಿ ಹದಿನಾಲ್ಕು! ಅವಳು ಹುಸಿಮುನಿಸು ತೋರುತ್ತಿದ್ದಳು. ಒಂದು ದಿನ ಅವನು ರಜೆ ಹಾಕಿದಾಗ ಆ ದಾರಿ ಎಷ್ಟು ಉದ್ದ ಎನ್ನುವುದು ಅವಳಿಗೆ ಗೊತ್ತಾಯಿತು.

'ಇದು ಪ್ರೀತಿಯಾ? ದೇವರೇ, ಇವರ ಮೇಲೆಯೇ ಆಗಬೇಕಿತ್ತಾ?'

"ಒಂದು ಹೇಳ್ಲಾ ಚಿನ್ಮಯಿ ಅವ್ರೇ?" ಎಂದ ತಿರುಮಲೇಶ ಇನ್ನೊಂದು ಸಂಜೆ. "ನಿಮ್ಮನ್ನ ಕ್ಲಾಸಿಗೆ ಬಿಟ್ಕೊಂಡಿದ್ದಕ್ಕೆ ಬೇರೆ ಡಿಪಾರ್ಟ್‌ಮೆಂಟಿನೋರು ನನ್ನ ಬೈದ್ರು. ಕಂಪನಿಯೋರನ್ನ ನಂಬ್ಬೇಡಿ, ಕದೀತಾರೆ ಅಂದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ಬ್ಯಾಗಿನ ಜಿಪ್ಪಿಗೆ ಹೋಯಿತು. "ನೀವು ಏನಂದ್ರಿ?"

"ಆ ಹುಡುಗಿ ಕಣ್ಣಲ್ಲಿ ಸುಳ್ಳಿಲ್ಲ ಅಂದೆ."

ಅವಳಿಗೆ ಅಳು ಉಕ್ಕಿ ಬಂತು. 'ಹೇಳಿಬಿಡು ಚಿನ್ಮಯಿ, ಈಗಲೇ ಹೇಳಿಬಿಡು!' ನಾಲಿಗೆ ತುದಿಯವರೆಗೂ ಬಂತು. ಅಷ್ಟರಲ್ಲಿ ಕೋಡಂಬಾಕ್ಕಂ ಬಂದೇಬಿಟ್ಟಿತು. ಅವನು ಇಳಿದು, ಕಿಟಕಿಯ ಹತ್ತಿರ ಬಂದು ಕೈಬೀಸಿದ. ಅವಳೂ ಕೈಬೀಸಿದಳು.

ಮರುದಿನದಿಂದ ರೆಕಾರ್ಡಿಂಗ್ ನಿಲ್ಲಿಸಿದಳು. ಅಮಿತ್‌ನನ್ನು ಕೇಳಿದಳು: "ಹಳೇದನ್ನೂ ಅಳಿಸಿಬಿಡೋಣ್ವಾ? ಪ್ಲೀಸ್."

"ತಮಾಷೆನಾ? ನೀನೇ ಕೂತು ಅದನ್ನೆಲ್ಲ ಕೇಳಿ ಟೈಪ್ ಮಾಡಿದೀಯ, ನೀನೇ ಮುನ್ನೂರು ಮಾದರಿ ಉತ್ತರ ಬರೆದಿದೀಯ. ಎಲ್ಲಾ ಆಗ್ಲೇ ಆ್ಯಪ್‌ಗೆ ಹೋಗಿದೆ. ಮಧ್ಯ ಮಧ್ಯ ಖಾಲಿ ಜಾಗ ಜಾಸ್ತಿ ಇತ್ತು, ಅದನ್ನೆಲ್ಲ ಕಟ್ ಮಾಡ್ಸಿದೀನಿ ನೋಡು!"

ಆಗಲಾದರೂ ತಿರುಮಲೇಶನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಸಂಜೆಯ ಲೋಕಲ್ಲಿನಲ್ಲಿ ಪಕ್ಕದ ಸೀಟು ಖಾಲಿಯಾಗುತ್ತದೆ ಎನ್ನುವ ಭಯ. ಉಂಡ ಮನೆಗೆ ಎರಡು ಬಗೆದವರಿಗೆ ಅನ್ನ ರುಚಿಸುವುದಿಲ್ಲ. ಅವಳಿಗೂ ರುಚಿಸಲಿಲ್ಲ. ಅಮ್ಮ ಶಾರದಮ್ಮ ತಟ್ಟೆ ನೋಡಿ ನೋಡಿ ಬೈದರು.

ಅಕಾಡೆಮಿಕ್ ಕೌನ್ಸಿಲ್ ಸಭೆಯ ದಿನ ಬಂತು. ಅಂದು ಕೌನ್ಸಿಲ್ ಒಪ್ಪಿದರೆ ಕನ್ನಡದ ಜೊತೆಗೆ ಕಡಿಮೆ ಮಕ್ಕಳಿರುವ ಇನ್ನೂ ನಾಲ್ಕು ಭಾಷೆಗಳ ಮೇಷ್ಟ್ರುಗಳು ಮನೆಗೆ, ಆ್ಯಪ್ ಒಳಗೆ. ತಿರುಮಲೇಶ ಊರೆಲ್ಲ ಅಲೆದು ಇನ್ನೂರು ಜನರ ಸಹಿ ಹಾಕಿಸಿದ್ದ ಮನವಿ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಚಿನ್ಮಯಿಯನ್ನು ನೋಡಿ ಮುಗುಳ್ನಕ್ಕ. ಆ ನಗುವನ್ನು ನೋಡಲಾರದೆ ಅವಳು ತಲೆ ತಗ್ಗಿಸಿದಳು.

"ದೇಶದ ಯೂನಿವರ್ಸಿಟಿಗಳೆಲ್ಲ ಈ ದಾರಿ ಹಿಡಿದಿವೆ, ನೀವು ಹಿಂದೆ ಬೀಳಬಾರದು," ಎಂದು ಇಂಗ್ಲಿಷಿನಲ್ಲಿ ಭಾಷಣ ಬಿಗಿದ ಅಮಿತ್, ಡೆಮೊಗೆಂದು ಕರೆಸಿದ್ದ ವಿದ್ಯಾರ್ಥಿಗಳಲ್ಲಿ ಕೃತಿಯನ್ನೇ ಮುಂದೆ ಕರೆದು ಮೈಕ್ ಕೊಟ್ಟ.

ಪರದೆಯ ಮೇಲಿನ ಪಾಠಸಖಿ ಕೇಳಿತು: "ನಿಮ್ಮಜ್ಜಿ ಬಗ್ಗೆ ಒಂದೇ ಒಂದು ಮಾತು ಹೇಳಿ. ಕನ್ನಡದಲ್ಲಿ."

ಕೃತಿ ತಡವರಿಸಿದಳು.

"ಅದು ಬಂದು, ಅವಸರ ಬೇಡ. ತಪ್ಪಾದ್ರೆ ತಿದ್ದೋಕೆ ನಾನಿದ್ದೀನಲ್ಲ?" ಎಂದಿತು ಯಂತ್ರ. ಎಂದದ್ದೇ ತಡ, ಮೂರು ಸೆಕೆಂಡೂ ಕಾಯದೆ ಉಲಿಯಿತು: "ಮಾದರಿ ಉತ್ತರ: ನಮ್ಮಜ್ಜಿಗೆ ಬಂದು, ನಾನು ಹೇಳೋದು ಅರ್ಥ ಆಗಲ್ಲ."

ಮೇಷ್ಟ್ರ ಮಾತು, ಚಿನ್ಮಯಿಯ 'ಬಂದು'... ಎರಡೂ ಒಂದೇ ಬಾಯಲ್ಲಿ!

ಕೃತಿಯ ಮುಖ ಬಿಳಿಚಿಕೊಂಡಿತು. ಮೈಕ್ ಮೇಜಿನ ಮೇಲಿಟ್ಟು ಹೊರಗೆ ಓಡಿಬಿಟ್ಟಳು.

ತಿರುಮಲೇಶ ಮೆಲ್ಲಗೆ ಎದ್ದು ಚಿನ್ಮಯಿಯ ಹತ್ತಿರ ಬಂದ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಫೋನು ಬ್ಯಾಗಲ್ಲೇ ಇತ್ತು... ಅಲ್ವಾ?"

"ಹೌದು..." ಎಂದಳು, ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ನಾನೇ ಹೇಳಿದ್ದು. ಬ್ಯಾಗಲ್ಲಿಡಿ ಅಂತ. ಆಫ್ ಮಾಡಿ ಅನ್ನೋದು ಮರೆತೆ."

ಅವನು ಮನವಿಯ ಹಾಳೆಗಳನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಕೃತಿಯ ಹಿಂದೆ ಹೊರಟುಹೋದ.

"ಆಕ್ಷೇಪಣೆ ಯಾರದ್ದಾದರೂ ಇದೆಯೇ?" ರಿಜಿಸ್ಟ್ರಾರ್ ಕೇಳಿದರು. ಆಕ್ಷೇಪಿಸಬೇಕಾದವನು ಬಾಗಿಲು ದಾಟಿ ಆಗಿತ್ತು.

'ನಾನು ಸುಮ್ಮನಿದ್ದರೆ ಮುಗಿಯಿತು. ಕೆಲಸ ಉಳಿಯುತ್ತದೆ. ಅವರು ಹೇಗೂ ಇನ್ನು ನನ್ನ ಮುಖ ನೋಡುವುದಿಲ್ಲ...'

"ನನ್ನದಿದೆ!"

ಅಮಿತ್ ಹಲ್ಲು ಕಡಿದ. "ಚಿನ್ಮಯಿ, ಕೂತ್ಕೋ!"

ಅವಳು ಕೂರಲಿಲ್ಲ. ತಮಿಳು, ಇಂಗ್ಲಿಷು ಎರಡನ್ನೂ ಕಲಸಿಕೊಂಡು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಈ ಆ್ಯಪ್ ಆಡುವ ಮಾತು ಅದರದ್ದಲ್ಲ. ವಾರಗಟ್ಟಲೆ ನಾನು ಕದ್ದು ರೆಕಾರ್ಡ್ ಮಾಡಿದ ಮೇಷ್ಟ್ರ ಮಾತು, ಮಕ್ಕಳ ಮಾತು. ಯಾರನ್ನೂ ಕೇಳಲಿಲ್ಲ. ಆ ಹುಡುಗಿ ಆ ಒಂದು ವಾಕ್ಯ ಹೇಳುವುದಕ್ಕೆ ಮೇಷ್ಟ್ರು ಎರಡು ನಿಮಿಷ ಕಾದಿದ್ದರು. ನಾವು ಅದನ್ನು ಖಾಲಿ ಜಾಗ ಅಂತ ಕತ್ತರಿಸಿ ಬಿಸಾಡಿದೆವು. ಅವರು ಪಾಠ ಮಾಡಿದ್ದೇ ಆ ಎರಡು ನಿಮಿಷ ಸರ್... ನಾನು ಅಲ್ಲೇ ಕೂತಿದ್ದೆ, ನೋಡಿದ್ದೇನೆ.

ವಯಸ್ಸಾದ ಒಬ್ಬ ಪ್ರೊಫೆಸರ್ ಕುರ್ಚಿಯ ಮೇಲಿದ್ದ ಮನವಿಯನ್ನು ಎತ್ತಿ ರಿಜಿಸ್ಟ್ರಾರ್ ಮುಂದಿಟ್ಟರು. ಒಪ್ಪಂದ ಅಲ್ಲಿಗೇ ನಿಂತಿತು. ಕದ್ದ ಪಾಠಗಳನ್ನೆಲ್ಲ ಅಳಿಸಿ ಲಿಖಿತ ಕ್ಷಮೆ ಕೇಳಬೇಕೆಂದು ಕಂಪನಿಗೆ ಪತ್ರ ಹೋಯಿತು. ಐದೂ ಭಾಷೆಗಳ ಮೇಷ್ಟ್ರುಗಳು ಉಳಿದರು.

ಚಿನ್ಮಯಿಯ ಕೆಲಸ ಅಂದೇ ಹೋಯಿತು. ಅದು ಅವಳಿಗೆ ನೋವೆನಿಸಲೇ ಇಲ್ಲ.

ಎಂಟೂ ವಿದ್ಯಾರ್ಥಿಗಳ ಮನೆಗೆ ಹೋಗಿ ತಪ್ಪೊಪ್ಪಿಕೊಂಡಳು. ಏಳು ಜನ ಹೋಗಲಿ ಬಿಡಿ ಎಂದರು. ಕೃತಿ ಮಾತ್ರ ಬಾಗಿಲಲ್ಲೇ ನಿಂತು, "ಅದನ್ನ ನಾನು ನಮ್ಮಜ್ಜಿಗೋಸ್ಕರ ಹೇಳಿದ್ದು ಅಕ್ಕಾ," ಎಂದು ಬಾಗಿಲು ಹಾಕಿಕೊಂಡಳು. ಅದನ್ನೂ ಹೊತ್ತುಕೊಂಡು ಚಿನ್ಮಯಿ ಮನೆಗೆ ಬಂದಳು. ತಿರುಮಲೇಶನ ನಂಬರ್ ತೆಗೆದು ನೋಡುವುದು, ಮುಚ್ಚುವುದು... 'ಯಾವ ಮುಖ ಇಟ್ಟುಕೊಂಡು ಮಾತಾಡಲಿ?'

ಹತ್ತನೆಯ ದಿನ, ಭಾನುವಾರ ಬೆಳಿಗ್ಗೆ, ಶಾರದಮ್ಮ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಮುಂದಿನ ಕೋಣೆಯಿಂದ ಕೂಗಿದರು. "ಚಿನ್ನೀ, ಯಾರೋ ಸಾರ್ ಬಂದಿದಾರೆ ಡೀ! ಸೀಕ್ರಂ ಬಾ. ಪಾವಂ, ಬಿಸ್ಲಲ್ಲಿ ಮನೆ ಹುಡುಕ್ಕೊಂಡು ಬಂದಿದಾರೆ."

ಚಿನ್ಮಯಿ ಬಂದು ನೋಡಿದರೆ... ತಿರುಮಲೇಶ! ಶರ್ಟು ಬೆವರಿನಲ್ಲಿ ತೊಯ್ದಿತ್ತು. ಶಾರದಮ್ಮ ಇಬ್ಬರ ಮುಖವನ್ನೂ ನೋಡಿ, "ಕಾಫಿ ಹಾಕ್ತೀನಿ," ಎಂದು ಒಳಗೆ ಹೋದರು.

"ಸರ್... ಕ್ಷಮಿಸಿ ಅಂತ ಕೇಳೋ ಯೋಗ್ಯತೆ ನನಗಿಲ್ಲ." ಅವಳು ಬಾಗಿಲಿಗೊರಗಿ ನಿಂತಳು. "ಹೇಳ್ಬೇಕು ಅಂತ ದಿನಾ ಅನ್ಕೊಂಡೆ. ಹೇಳಿದ್ರೆ ನೀವು ಪಕ್ಕದಲ್ಲಿ ಕೂರಲ್ಲ ಅನ್ನೋ ಭಯ. ನಿಮ್ಮನ್ನ ಅಷ್ಟು ಇಷ್ಟಪಟ್ಟೆ... ಅಷ್ಟು ಇಷ್ಟಪಟ್ಟೂ ಮೋಸ ಮಾಡ್ದೆ!"

ಅವನು ನೆಲ ನೋಡುತ್ತಾ ಕುಳಿತಿದ್ದ.

"ನಾನು ಎದ್ದುಹೋದ್ಮೇಲೆ ನೀವು ಮಾತಾಡಿದ್ದು ಮರುದಿನವೇ ಗೊತ್ತಾಯ್ತು. ಆವತ್ತೇ ಬರ್ಬೇಕು ಅನ್ನಿಸ್ತು. ಕೋಪ ಇಳೀಲಿ ಅಂತ ಕಾದೆ. ಒಂಬತ್ತು ದಿನ ಆಯ್ತು, ಇಳೀತಾನೇ ಇಲ್ಲ!"

ಅವಳ ಕಣ್ಣೀರು ಕೆನ್ನೆಗಿಳಿಯಿತು. "ಹಾಗಿದ್ರೆ... ಯಾಕೆ ಬಂದ್ರಿ?"

"ಕೋಪ ಇದ್ರೂ ನಿಮ್ಮನ್ನ ನೋಡ್ದೇ ಇರೋಕೆ ಆಗ್ತಿಲ್ಲ ಚಿನ್ಮಯಿ. ಅಲ್ಲೊಬ್ನೇ ಕೂತು ಕೋಪ ಮಾಡ್ಕೊಳೋದಕ್ಕಿಂತ ಇಲ್ಲೇ ಬಂದು ಮಾಡ್ಕೊಳೋಣ ಅನ್ನಿಸ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸೆರಗಿಲ್ಲದ ಚೂಡಿದಾರದ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಇನ್ನೂ ಎಷ್ಟು ದಿನ ಇರುತ್ತೆ ಕೋಪ?"

"ಗೊತ್ತಿಲ್ಲ," ಎಂದ ತಿರುಮಲೇಶ. ಈಗ ಅವನೂ ತಲೆಯೆತ್ತಿ ಅವಳನ್ನೇ ನೋಡಿದ. "ಮದುವೆ ಆದ್ಮೇಲೂ ಸ್ವಲ್ಪ ಇರುತ್ತೇನೋ."

ಚಿನ್ಮಯಿ ಅವನೆದುರು ಕುರ್ಚಿ ಎಳೆದುಕೊಂಡು ಕುಳಿತಳು.

"ಇರ್ಲಿ," ಎಂದಳು. "ನಾನು ಬೈಸ್ಕೋತೀನಿ."