ತೊಳೆಯದೆ ಮರಳಿಸತಕ್ಕದ್ದು

ಪೊಟ್ಟಣದೊಳಗೆ ನಾಣ್ಯಕ್ಕಿಂತ ಮೊದಲು ಕೈಗೆ ಸಿಕ್ಕಿದ್ದು ಒಂದು ಚೀಟಿ. ಗೆರೆಯಿಲ್ಲದ ಕಾಗದ, ನೀಲಿ ಶಾಯಿ, ಹಿಂಬದಿಯಲ್ಲಿ ಉಬ್ಬು ಮೂಡುವಷ್ಟು ಒತ್ತಿ ಬರೆದ ಅಕ್ಷರಗಳು.

"ನಾಣ್ಯವನ್ನು ತೊಳೆಯಬಾರದು. ಬೇಡವೆನಿಸಿದರೆ ಏಳು ದಿನದೊಳಗೆ, ಬಂದ ಸ್ಥಿತಿಯಲ್ಲೇ, ತೊಳೆಯದೆ ಮರಳಿಸತಕ್ಕದ್ದು. ಮರಳಿಸುವಾಗ 'ಇದರೊಳಗಿರುವುದೆಲ್ಲ ನಿಮ್ಮದು, ನಮ್ಮದೇನೂ ಇಲ್ಲ' ಎಂದು ಸ್ವಂತ ಕೈಯಿಂದ ಬರೆದು ಜೊತೆಗಿಡತಕ್ಕದ್ದು. ಒಮ್ಮೆ ಮರಳಿಸಿದವರೊಡನೆ ಮತ್ತೆ ವ್ಯವಹಾರವಿಲ್ಲ."

ಅದರ ಕೆಳಗೆ, ತಡವಾಗಿ ನೆನಪಾಗಿ ಸೇರಿಸಿದಂತೆ, ಮತ್ತೊಂದು ಸಾಲು: "ದಯವಿಟ್ಟು ತೊಳೆಯಬೇಡಿ."

ಅವನು ಗಟ್ಟಿಯಾಗಿ ನಕ್ಕುಬಿಟ್ಟ.

ಅಂಗಡಿಗಳ, ಔಷಧಾಲಯಗಳ ತೂಕದ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವುದು ಅವನ ಉದ್ಯೋಗ. ಸುಳ್ಳು ಎಲ್ಲಿ ಅಡಗುತ್ತದೆಂದು ಅವನಿಗೆ ಗೊತ್ತಿತ್ತು. ತಟ್ಟೆಯ ಅಡಿಯ ಮೇಣದಲ್ಲಿ, ಸ್ಪ್ರಿಂಗಿನ ಹಿಂದಿನ ಎಳೆಯಲ್ಲಿ. ಹಳೆಯ ನಾಣ್ಯಗಳ ಹವ್ಯಾಸ ಹತ್ತಿ ಮೂರೇ ತಿಂಗಳಾಗಿತ್ತಾದರೂ ನಾಣ್ಯ ಸಂಗ್ರಹಿಸುವವರು ನಾಣ್ಯವನ್ನು ತೊಳೆಯುವುದಿಲ್ಲವೆಂಬ ಮೊದಲ ಪಾಠವನ್ನು ಅವನು ಕಲಿತಿದ್ದ. ಆದರೆ ನಿಯಮವನ್ನು ಒಮ್ಮೆ ಹೇಳಿದರೆ ಸಾಕು. ಎರಡನೆಯ ಸಲ ಬೇಡಿಕೊಳ್ಳುವುದೇಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ತೊಳೆದರೆ ನಕಲಿಯೆಂದು ಬಯಲಾಗುತ್ತದೆ; ತೊಳೆದದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ. ಎಷ್ಟು ಅಚ್ಚುಕಟ್ಟಾದ ಬೋನು!

ನಾಣ್ಯ ಕಾಡಿಗೆಯಷ್ಟು ಕಪ್ಪಾಗಿತ್ತು. ಮೂಸಿದರೆ ಸುಟ್ಟ ಕೂದಲಿನ ವಾಸನೆ, ಅದರಡಿಯಲ್ಲಿ ಕಮಟು ಎಣ್ಣೆಯದು. ಗಾಜಿನ ಪೆಟ್ಟಿಗೆಯೊಳಗಿನ ತನ್ನ ಸೂಕ್ಷ್ಮ ತಕ್ಕಡಿಯ ಮೇಲಿಟ್ಟು ಅವನು ಪುಸ್ತಕದಲ್ಲಿ ಬರೆದುಕೊಂಡ: 11.482 ಗ್ರಾಂ.

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಇಣುಕಿದಳು. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ಅವನ ತೂಕದ ಹುಚ್ಚಿಗೆ 'ಮಿಲಿಗ್ರಾಂ' ಎಂದು ಹೆಸರಿಟ್ಟವಳು. ಗ್ರಂಥಾಲಯವೊಂದರಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಅವಳದು. ಕೆಳತುಟಿಯ ಕೆಳಗೆ ಸಾಸಿವೆಕಾಳಿನಂಥ ಮಚ್ಚೆ. ಚಿಕ್ಕಂದಿನಲ್ಲಿ ಅದನ್ನು ಕರೆಗಂಟೆಯ ಗುಂಡಿಯೆಂದು ಒತ್ತಿ, ಅವಳು 'ಟ್ರಿಣ್' ಎನ್ನುವವರೆಗೆ ಅವನು ಬಿಡುತ್ತಿರಲಿಲ್ಲ.

"ಏನೋ ಅದು, ಮಿಲಿಗ್ರಾಂ? ಈ ಮಸಿ ಬಿಲ್ಲೆಗೋಸ್ಕರ ಎರಡು ದಿನ ಬಾಗಿಲು ಕಾದ್ಯಾ?"

"ತೊಳೆದ್ರೆ ವಾಪಸ್ ತಗೊಳಲ್ವಂತೆ ಅಕ್ಕ. ಮೋಸ ಹೊರಗೆ ಬೀಳುತ್ತಲ್ಲ, ಅದಕ್ಕೆ."

"ಹಾಗಾದ್ರೆ ತೊಳಿ. ಯಾರಪ್ಪನ ಭಯ?"

"ಕೈ ಒದ್ದೆಯಾದ್ರೆ ತೂಕ ಬರ್ಕೊಳ್ಳೋದು ಹೇಗೆ?"

"ಆಹಾ! ಸಾಹೇಬ್ರು ಬರೀತಾರೆ, ಕೆಲಸದೋಳು ತಿಕ್ತಾಳೆ. ಕೊಡು ಇಲ್ಲಿ."

ನಿಂಬೆಹಣ್ಣಿನ ಸಿಪ್ಪೆಗೆ ಉಪ್ಪು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಅವಳು ಉಜ್ಜತೊಡಗಿದಳು. ಕಪ್ಪು ನೀರು ಸಿಂಕಿಗೆ ಇಳಿಯಿತು. ಇಳಿದದ್ದು ತೂತಿನ ಸುತ್ತ ಸುತ್ತುತ್ತ, ಒಳಗೆ ಹೋಗಲು ಹಿಂಜರಿಯುವಂತೆ ನಿಂತಿತು. ಮಧ್ಯಾಹ್ನದ ಬೆಳಕು ಕಿಟಕಿಯಲ್ಲಿ ಮಂಕಾಯಿತು. ಅಷ್ಟರಲ್ಲಿ ಕಪ್ಪಿನಡಿಯಿಂದ ಒಂದು ಮುಖ ಕಂಡಿತು. ರಾಜನದಲ್ಲ, ರಾಣಿಯದಲ್ಲ. ಹದಿಹರೆಯದ ಹುಡುಗಿಯೊಬ್ಬಳದು, ಎರಡು ಜಡೆ, ಕೊಂಚ ಮುಂದೆ ಬಂದ ಹಲ್ಲು. ಅಕ್ಕನ ಹೆಬ್ಬೆರಳು ಮತ್ತೊಮ್ಮೆ ಅದರ ಮೇಲೆ ಹಾಯಿತು. ಮುಖ ಅಳಿಸಿಹೋಯಿತು.

"ಅಯ್ಯೋ, ಮುಖ ಇತ್ತಲ್ಲೋ!"

"ಮೇಲೆ ಮೆತ್ತಿದ ಬಣ್ಣ," ಎಂದ ಅವನು ಗೆದ್ದವನ ದನಿಯಲ್ಲಿ. "ನೋಡಿದ್ಯಾ? ನಕಲಿ."

ಉಳಿದದ್ದು ಬೋಳು ಬೆಳ್ಳಿಯ ಬಿಲ್ಲೆ. 11.130 ಗ್ರಾಂ.

ಸಂಜೆ ಫೋನಿನಲ್ಲಿ, ನಾಣ್ಯ ಕೊಂಡ ಜಾಲತಾಣದ ಮೂಲಕ, ಮಾರಾಟಗಾರ್ತಿಯ ಸಂದೇಶ ಬಂದಿತ್ತು. ಅವನು ಅವಳಿಗೆ ಏನನ್ನೂ ಬರೆದಿರಲಿಲ್ಲ.

"ಸರ್, ನನ್ನ ಮಗಳು ಮಧ್ಯಾಹ್ನದಿಂದ ಅಳ್ತಿದ್ದಾಳೆ. ತೊಳೆದ್ರಾ?"

ಮಗಳ ಅಳುವಿಗೂ ನಾಣ್ಯಕ್ಕೂ ಏನು ಸಂಬಂಧ? ಬಾಯಿ ಬಿಡಿಸುವ ತಂತ್ರವಿದು ಎಂದುಕೊಂಡ. ಇಲ್ಲಿ ಬರೆದ ಒಂದೊಂದು ಮಾತೂ ನಾಳೆ ಜಾಲತಾಣದವರೆದುರು ಸಾಕ್ಷಿಯಾಗುತ್ತದೆ. ಅವನು ಒಂದೇ ಪದ ಬರೆದ: "ಇಲ್ಲ."

ಮರುದಿನ ಬೆಳಿಗ್ಗೆ ನಾಣ್ಯ 11.151 ತೂಗಿತು.

ಅವನು ಮೊದಲು ಸಂಶಯಿಸಿದ್ದು ತಕ್ಕಡಿಯನ್ನು. ಕಚೇರಿಯಿಂದ ಪ್ರಮಾಣಿತ ತೂಕದ ಬಟ್ಟುಗಳನ್ನು ತಂದು ಒಂದೊಂದಾಗಿ ಇಟ್ಟು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಳಿಕ ಗಾಳಿಯ ತೇವವನ್ನು ಸಂಶಯಿಸಿದ. ಆಮೇಲೆ, ನಾಚಿಕೆಯಾದರೂ, ಅಕ್ಕನನ್ನು. ತಮಾಷೆಗೆಂದು ಏನಾದರೂ ಮೆತ್ತುತ್ತಿದ್ದಾಳೆಯೇ? ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡ. ಮೂರನೆಯ ದಿನ 11.204.

ಅಂದು ಅಕ್ಕ ಕೆಲಸದಿಂದ ಗೊಣಗುತ್ತಲೇ ಬಂದಳು.

"ಹಾಜರಿ ಯಂತ್ರ ನನ್ನ ಹೆಬ್ಬೆಟ್ಟು ತಗೊಳ್ತಾನೇ ಇಲ್ಲ ಕಣೋ. ಹತ್ತು ಸಲ ಒತ್ತಿದೆ. ಕೊನೆಗೆ ಮೇಲಿನವರು 'ನೀವು ನಿಜವಾಗ್ಲೂ ನೀವೇನಾ' ಅಂತ ಗೇಲಿ ಮಾಡಿದ್ರು."

"ಯಂತ್ರ ಕೆಟ್ಟಿರ್ಬೇಕು. ಕೈ ತೋರ್ಸು."

ಅವಳ ಹೆಬ್ಬೆರಳನ್ನು ಅವನು ಭೂತಗನ್ನಡಿಯಡಿಗೆ ಹಿಡಿದ. ಗೆರೆಗಳಿರಲಿಲ್ಲ. ಒಂದು ಸುಳಿಯೂ ಇಲ್ಲ. ಹೊಳೆಯ ಕಲ್ಲಿನಷ್ಟು ನುಣುಪು.

"ನಿಂಬೆಹುಳಿ ಸುಟ್ಟಿರುತ್ತೆ," ಎಂದ. ದನಿ ತನಗೇ ಒಪ್ಪಿಗೆಯಾಗಲಿಲ್ಲ.

ಐದನೆಯ ದಿನ 11.389. ಬೋಳು ಬೆಳ್ಳಿಯ ಮೇಲೆ ಈಗ ಮೂಗಿನ ಏಣು ಎದ್ದಿತ್ತು, ಗಲ್ಲದ ದುಂಡು ಎದ್ದಿತ್ತು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲ ಎಳೆ ಎದ್ದಿತ್ತು. ಅವನು ಭೂತಗನ್ನಡಿಯನ್ನು ಕೆಳಗೆ ಸರಿಸಿದ. ಕೆಳತುಟಿಯ ಕೆಳಗೆ ಒಂದು ಚುಕ್ಕೆ.

ಪಕ್ಕದ ಕೋಣೆಯಲ್ಲಿ ಅಕ್ಕ ಫೋನಿನೊಡನೆ ಜಗಳವಾಡುತ್ತಿದ್ದಳು. "ನಾನೇ ಕಣೋ, ತೆಗಿ! ನನ್ನ ಮುಖ ನೋಡಿದ್ರೂ ತೆಗೀತಿಲ್ಲ ಇದು." ಅವನು ಹೋಗಿ ನೋಡಿದ. ಏನೋ ಕಡಿಮೆಯಾಗಿತ್ತು. ಹುಬ್ಬು ಇತ್ತು, ಆದರೆ ಮಸುಕಾಗಿ. ಮೂಗಿತ್ತು, ಆದರೆ ತಗ್ಗಾಗಿ. ಮಚ್ಚೆ ಇರಲಿಲ್ಲ.

"ಯಾಕೋ ಹಾಗೆ ನೋಡ್ತೀಯ?"

"ಏನಿಲ್ಲ."

ಆರನೆಯ ದಿನ ಚರ್ಮದ ವೈದ್ಯರು ಮುಖದ ಉರಿಗೆ ಮುಲಾಮು ಬರೆದುಕೊಟ್ಟರು. ಗ್ರಂಥಾಲಯದ ಕಾವಲುಗಾರ, ಒಂಬತ್ತು ವರ್ಷ ದಿನವೂ ನಮಸ್ಕಾರ ಹೇಳಿದವನು, ಅವಳನ್ನು ಬಾಗಿಲಲ್ಲೇ ತಡೆದ. ಅವಳು ಮನೆಗೆ ಬಂದವಳೇ ಪರದೆಗಳನ್ನೆಲ್ಲ ಎಳೆದು ಹಾಡುಹಗಲಲ್ಲಿ ಕತ್ತಲು ಮಾಡಿಕೊಂಡು ಕುಳಿತಳು.

"ಕನ್ನಡೀಲಿ ನನ್ನನ್ನ ನಾನೇ ಹುಡುಕ್ಬೇಕು ಕಣೋ," ಎಂದಳು ಕತ್ತಲಿನಿಂದ. "ಆ ಬಿಲ್ಲೆ ಬಂದ್ಮೇಲೇ ಇದೆಲ್ಲ. ಅದನ್ನ ಮನೆಯಿಂದ ಆಚೆ ಹಾಕು. ನಿನ್ನ ದಮ್ಮಯ್ಯ."

ಅವನು ಫೋನ್ ತೆಗೆದ. ಮಾರಾಟಗಾರ್ತಿ ಆಗಲೇ ಬರೆದಿದ್ದಳು.

"ಎರಡನೇ ಸಲ ಕೇಳ್ತಿದೀನಿ ಸರ್. ತೊಳೆದ್ರಾ? ನಿಜ ಹೇಳ್ತೀನಿ. ಇದು ನನ್ನ ಮಗಳ ಮೇಲೆ ಮಾಡಿಸಿದ ಮಾಟ. ಅವಳ ಮುಖ ಅದರೊಳಗಿತ್ತು. ಬೇರೆ ಮನೇಲಿದ್ದು, ಏಳು ದಿನದೊಳಗೆ, ತೊಳೀದೆ, ಚೀಟೀಲಿರೋ ಆ ಮಾತು ಬರೆಸ್ಕೊಂಡು ವಾಪಸ್ ಬಂದ್ರೆ ಮುಖ ನಮಗೆ ಸಿಗುತ್ತೆ. ಅದಕ್ಕೇ ಮಾರಿದ್ದು. ತೊಳೆದಿದ್ರೆ, ತೊಳೆದವರ ಮುಖ ಈಗ ಅದರೊಳಗಿರುತ್ತೆ. ಹಾಗಿದ್ರೆ ಆ ಮಾತು ಬರೀಬೇಡಿ. ನಾಣ್ಯ ನೀವೇ ಇಟ್ಕೊಂಡು, ನಾನು ಮಾಡಿದ ಹಾಗೆ ಇನ್ನೊಂದು ಮನೆಗೆ ಕಳಿಸಿ."

ಅವನು ಮೂರು ಸಲ ಓದಿದ. ಎದೆಯ ಒಂದು ಮೂಲೆ ನಂಬಿತು. ಆದರೆ ಹತ್ತು ವರ್ಷ ಅಂಗಡಿಕಾರರ ಕಣ್ಣೀರು ನೋಡಿದ ಬುದ್ಧಿ ಕೂಡಲೇ ಎದ್ದು ಕುಳಿತಿತು. ನಾಳೆ ಏಳನೆಯ ದಿನ. ನಾಣ್ಯ ತನ್ನಲ್ಲೇ ಉಳಿಯಲಿ ಎನ್ನುತ್ತಾಳೆ. ತೊಳೆದೆನೆಂದು ಬರೆದುಕೊಡು ಎನ್ನುತ್ತಾಳೆ. ಗಡುವು ತಪ್ಪಿಸುವುದಕ್ಕೆ ಇದಕ್ಕಿಂತ ಚೆಂದದ ಕತೆ ಬೇಕೆ? ನಾಣ್ಯಕ್ಕೆ ಯಾವುದೋ ವಿಷ ಸವರಿದ್ದಾಳೆ. ಅದು ಅಕ್ಕನ ಚರ್ಮಕ್ಕೆ ಹತ್ತಿದೆ. ವಿಷ ಮನೆಯಿಂದ ಹೊರಗೆ ಹೋದರೆ ಅಕ್ಕ ಸರಿಯಾಗುತ್ತಾಳೆ. ಮತ್ತೆ ಆ ಚುಕ್ಕೆ? ಉತ್ತರವಿಲ್ಲದ ಅಂಕಿಯನ್ನು ಅವನು ಬದಿಗಿಟ್ಟ.

"ತೊಳೆದಿಲ್ಲ," ಎಂದು ಬರೆದ.

ಏಳನೆಯ ದಿನ ಬೆಳಿಗ್ಗೆ ನಾಣ್ಯ 11.476 ತೂಗುತ್ತಿತ್ತು. ಬಂದ ತೂಕಕ್ಕೆ ಆರೇ ಮಿಲಿಗ್ರಾಂ ಕಡಿಮೆ. ಅವನು ಮೇಣದಬತ್ತಿ ಹಚ್ಚಿ ಹೊಗೆಯ ಮೇಲೆ ನಾಣ್ಯವನ್ನು ಇಕ್ಕಳದಲ್ಲಿ ಹಿಡಿದ. ಮಸಿ ಏರಿತು. ಮೂಗು ಮುಳುಗಿತು, ಗಲ್ಲ ಮುಳುಗಿತು, ಚುಕ್ಕೆ ಮುಳುಗಿತು. ಒಳಕೋಣೆಯಲ್ಲಿ ಅಕ್ಕ ಕೆಮ್ಮಿದಳು.

"ಏನೋ ಅದು ಹೊಗೆ? ಉಸಿರು ಕಟ್ತಿದೆ."

"ಆಯ್ತು ಅಕ್ಕ. ಆಗೇ ಹೋಯ್ತು."

11.482. ಹೆಚ್ಚಿಲ್ಲ, ಕಡಿಮೆಯಿಲ್ಲ. ತನ್ನ ಕೌಶಲದ ಬಗ್ಗೆ ಆ ಹೊತ್ತಿನಲ್ಲೂ ಅವನಿಗೊಂದು ಹೆಮ್ಮೆ ಹಾದುಹೋಯಿತು. ಬಿಳಿ ಕಾಗದ ತೆಗೆದು ದುಂಡಗಿನ ಅಕ್ಷರಗಳಲ್ಲಿ ಬರೆದ: ಇದರೊಳಗಿರುವುದೆಲ್ಲ ನಿಮ್ಮದು, ನಮ್ಮದೇನೂ ಇಲ್ಲ.

ಫೋನ್ ನಡುಗಿತು. ಮೂರನೆಯ ಸಂದೇಶ.

"ಕೊನೇ ಸಲ ಸರ್. ತೊಳೆದ್ರಾ?"

"ಇಲ್ಲ ಅಂತ ಎಷ್ಟು ಸಲ ಹೇಳ್ಲಿ?"

ಕೊರಿಯರಿನವನು ಬಂದು ಪೊಟ್ಟಣ ಒಯ್ದ. ಅದು ಸೇರಬೇಕಾದದ್ದು ಅದೇ ಊರಿನ ಇನ್ನೊಂದು ತುದಿಗೆ. ಎರಡು ತಾಸಿನ ದಾರಿಯೂ ಅಲ್ಲ. ಅಕ್ಕ ಒಳಗೆ ಮಲಗಿದ್ದಳು. ಮನೆ ಹಗುರವಾದಂತೆನಿಸಿತು. ಅವನು ಸಿಂಕ್ ಉಜ್ಜಿದ. ತಕ್ಕಡಿ ಒರೆಸಿದ. ಕೈಗೆ ಹತ್ತಿದ ಸುಟ್ಟ ಕೂದಲಿನ ವಾಸನೆ ಮಾತ್ರ ಸಾಬೂನಿಗೆ ಜಗ್ಗಲಿಲ್ಲ.

ಮೂರೂ ಮುಕ್ಕಾಲಿಗೆ ಫೋನ್ ಬೆಳಗಿತು. ತಲುಪಿದೆ. ಸ್ವೀಕರಿಸಲಾಗಿದೆ. ಹಣ ಹಿಂದಿರುಗಿಸಲಾಗಿದೆ.

ಬೆನ್ನಿಗೇ ಮಾರಾಟಗಾರ್ತಿಯ ಮಾತು.

"ತೊಳೆದಿಲ್ಲ ಅಂದ್ರಿ. ಮೂರು ಸಲ ಕೇಳಿದೆ, ಮೂರು ಸಲಾನೂ ಇಲ್ಲ ಅಂದ್ರಿ. ನಿಮ್ಮ ಕೈಯಾರೆ ಬರೆದೂ ಕೊಟ್ರಿ. ಮಗಳಿಗೆ ಮುಖ ಬಂದಿದೆ ಸರ್. ನಾನು ಹೆತ್ತ ಮುಖ ಅಲ್ಲ. ಆದರೂ ಅಮ್ಮ ಅಂತಾಳೆ. ಇನ್ನು ನಾನು ವಾಪಸ್ ಕೊಡಲ್ಲ."

ಕೆಳಗೆ ಒಂದು ಚಿತ್ರ. ಹದಿಹರೆಯದ ಮೈ. ಎರಡು ಜಡೆ. ಅವುಗಳ ನಡುವೆ ಅಕ್ಕ ನಗುತ್ತಿದ್ದಳು. ಅವನ ಅಕ್ಕ. ಕೆಳತುಟಿಯ ಕೆಳಗೆ ಸಾಸಿವೆಕಾಳು.

ಅವನು ಬರೆದ. ತೊಳೆದೆವು. ತೊಳೆದದ್ದು ನಿಜ. ತಪ್ಪಾಯಿತು. ಅಕ್ಷರ ತಪ್ಪಿತು. ಮತ್ತೆ ಬರೆದ. ಕಳಿಸಿದ. ಹೋಗಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಒಂದು ಸಾಲು ಮಾತ್ರ ಮೂಡಿತು: ಈ ಮಾರಾಟಗಾರರು ನಿಮ್ಮೊಡನೆ ವ್ಯವಹರಿಸುವುದಿಲ್ಲ. ಮತ್ತೆ ಒತ್ತಿದ. ಅದೇ ಸಾಲು. ಪೊಟ್ಟಣದ ಮೇಲಿನ ವಿಳಾಸ ಹುಡುಕಿದ. ಬಂದ ಪೊಟ್ಟಣದಲ್ಲೇ ಮರಳಿಸಿದ್ದರಿಂದ ಅದೂ ಕೊರಿಯರಿನೊಂದಿಗೆ ಹೋಗಿತ್ತು. ರಸೀದಿಯಲ್ಲಿ ಬರೀ ಸಂಖ್ಯೆ.

"ಮಿಲಿಗ್ರಾಂ?"

ಒಳಕೋಣೆಯಿಂದ ಅಕ್ಕನ ದನಿ. ದನಿ ಅವಳದೇ. ಅವನು ಬಾಗಿಲವರೆಗೆ ಹೋದ. ನಿಂತ. ಕತ್ತಲು. ಹಾಸಿಗೆಯ ಕಿರುಗುಟ್ಟು. ಬರಿಗಾಲು ನೆಲ ಮುಟ್ಟಿದ ಸದ್ದು. ಒಂದು ಹೆಜ್ಜೆ. ಇನ್ನೊಂದು.

"ಈಗ ಉರಿ ಇಲ್ಲ ಕಣೋ. ತಣ್ಣಗಿದೆ. ಹೋಯ್ತಾ ಅದು?"

"ಹೋಯ್ತು ಅಕ್ಕ."

"ಹೇಗಿದೀನಿ ನೋಡು."

ಅವಳು ಪರದೆ ಸರಿಸಿದಳು. ಬೆಳಕು ಬಿತ್ತು. ಕಣ್ಣಿನ ಜಾಗದಲ್ಲಿ ಎರಡು ಸಣ್ಣ ಗೀರು. ಬಾಯಿಯ ಜಾಗದಲ್ಲಿ ಒಂದು. ಉಳಿದದ್ದೆಲ್ಲ ನುಣುಪು. ಸಾವಿರಾರು ಕೈ ದಾಟಿ ಸವೆದ ನುಣುಪು.

ಅವಳು ಕೈಯೆತ್ತಿ ಗಾಳಿಯಲ್ಲಿ ತಡಕಿ ಅವನ ಕೆನ್ನೆ ಮುಟ್ಟಿದಳು. ಅದು ಒದ್ದೆಯಾಗಿರುವುದು ಅವಳಿಗೆ ತಿಳಿಯಿತು.

"ಅಳ್ತಿದೀಯೇನೋ? ಹುಚ್ಚಪ್ಪ. ಅಷ್ಟು ಕೆಟ್ಟದಾಗಿದೀನಾ?"

"ಇಲ್ಲ ಅಕ್ಕ," ಎಂದ ಅವನು. "ಮೊದಲಿನ ಹಾಗೇ ಇದೀಯ."

ಆ ವಾರದಲ್ಲಿ ಅವನು ಹೇಳಿದ ನಾಲ್ಕನೆಯ ಸುಳ್ಳು ಅದು. ಅವಳು ನಂಬಿದಳು. ಅವನ ಬೆರಳನ್ನು ಹಿಡಿದು, ಚಿಕ್ಕಂದಿನಲ್ಲಿ ಸಮಾಧಾನ ಮಾಡುತ್ತಿದ್ದಂತೆಯೇ, ತನ್ನ ಮುಖದ ಕೆಳಭಾಗಕ್ಕೆ, ಏನೂ ಇಲ್ಲದ ಆ ಜಾಗಕ್ಕೆ ಒಯ್ದು ಒತ್ತಿಕೊಂಡಳು.

ಬಾಯಿಯ ಗೀರು ತೆರೆಯಿತು.

"ಟ್ರಿಣ್."