ತೆರೆಯನ್ನು ಕರೆದವಳು

"ಬಲಾ! ಬಲಾ!"

ನೆಲ್ಸನ್‌ನ ಕೈಯಲ್ಲಿದ್ದ ಚಹಾ ಮರಳಿಗೆ ಚೆಲ್ಲಿತು. ಅಬುಧಾಬಿಯ ಹೆದ್ದಾರಿಯಿಂದ ಇಳಿದು, ಮರಳಿನ ಕಚ್ಚಾ ದಾರಿಯಲ್ಲಿ ಕುಲುಕಿಕೊಂಡು ಬಂದರೆ ಸಿಗುವ ತೀರ ಅದು. ಅಂಗಡಿಯಿಲ್ಲ, ಮರವಿಲ್ಲ, ಮನೆಯಿಲ್ಲ. ಅಲ್ಲಿ ಯಾರಾದರೂ ಕೂಗಿದರೆ ಇಂಗ್ಲಿಷಿನಲ್ಲಿ ಕೂಗಬೇಕು, ಇಲ್ಲವೇ ಅರಬಿಯಲ್ಲಿ. ತುಳುವಿನಲ್ಲಿ 'ಬಾ, ಬಾ' ಎಂದು ಕರೆಯುವವರು ಎಲ್ಲಿಂದ ಬಂದರು?

ದೂರದಲ್ಲಿ, ಬೂದಿ ಬಣ್ಣದ ನೀರಿನ ನಡುವೆ, ಒಬ್ಬ ಹೆಣ್ಣುಮಗಳು ಎರಡೂ ಕೈ ಎತ್ತಿ ಕರೆಯುತ್ತಿದ್ದಳು.

ನೆಲ್ಸನ್ ಯೋಚಿಸಲಿಲ್ಲ. ಯೋಚಿಸಿ ಕೆಲಸ ಮಾಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ. ಶೂ ಕೂಡ ಕಳಚದೆ ಓಡಿದ. ನೀರು ಎದೆಯ ಮಟ್ಟಕ್ಕೆ ಬಂದಾಗ, ತನಗೆ ಈಜು ಬರುವುದಿಲ್ಲ ಎಂಬುದು ನೆನಪಾಯಿತು. ಅಷ್ಟರಲ್ಲಿ ಕಡಲು ಅವನನ್ನು ಎತ್ತಿ, ತಿರುಗಿಸಿ, ಒಳಕ್ಕೆ ಎಳೆಯಿತು. ನೀರೋ, ಐಸೋ!

ಒಂದು ಕೈ ಅವನ ಕಾಲರ್ ಹಿಡಿಯಿತು. ಎದೆಯ ಕೆಳಗೆ ಅಗಲವಾದ, ನುಣುಪಾದ ಹಲಗೆಯೊಂದು ಬಂತು.

"ಸಾಯ್ಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ ನಿಮಗೆ?" ಎಂದು ಬೈದವನು ನೆಲ್ಸನ್. ಹಲಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಉಪ್ಪುನೀರು ಕೆಮ್ಮುತ್ತ ಬೈದ.

"ಈಗ ಸಾಯ್ತಾ ಇದ್ದದ್ದು ಯಾರಣ್ಣ?"

"ನೀವು ಕರೆದಿರಿ!"

"ನಾನು ಕರೆದದ್ದು ತೆರೆಯನ್ನು," ಎಂದಳು ಅವಳು. "ಬಂದದ್ದು ನೀವು."

ಕಪ್ಪು ರಬ್ಬರಿನ ಉಡುಪು, ಕೆನ್ನೆಗೆ ಅಂಟಿದ ಒದ್ದೆ ಕೂದಲು, ಚಳಿಗೆ ನೀಲಿಯಾದ ತುಟಿ. ಆ ತುಟಿಯ ಒಂದು ಮೂಲೆಯಲ್ಲಿ ನಗುವೊಂದು ಹೊರಬರಲೋ ಬೇಡವೋ ಎಂದು ಕಾಯುತ್ತಿತ್ತು. ನೆಲ್ಸನ್‌ಗೆ ಇನ್ನೂ ನಾಲ್ಕು ಮಾತು ಬೈಯಬೇಕಿತ್ತು. ಬಾಯಿಂದ ಬಂದದ್ದು ಉಪ್ಪುನೀರು ಮಾತ್ರ.

ಅದು ೨೦೧೪ರ ಜನವರಿ.

ನೆಲ್ಸನ್ ಲಾಂಡ್ರಿ ಕಂಪೆನಿಯೊಂದರ ವ್ಯಾನ್ ಓಡಿಸುವವನು. ದುಬೈಯಲ್ಲಿ ಒಗೆದು ಇಸ್ತ್ರಿ ಹಾಕಿದ ಚಾದರ, ಟವೆಲುಗಳನ್ನು ಅಬುಧಾಬಿಯ ಹೋಟೆಲುಗಳಿಗೆ ಮುಟ್ಟಿಸುವುದು ಅವನ ಕೆಲಸ; ದಾರಿಯಲ್ಲಿ ಈ ತೀರಕ್ಕಿಳಿದು ಫ್ಲಾಸ್ಕಿನ ಚಹಾ ಕುಡಿಯುವುದು ಅಭ್ಯಾಸ. ಊರು ಕರಾವಳಿಯ ಶಿರ್ವ. ಅಪ್ಪ ಅಮ್ಮ ಇಲ್ಲ. ಸಾಕಿ ಬೆಳೆಸಿದವಳು ಅಕ್ಕ ಮಾರ್ಟಿನಾ; ಅವಳ ಬಾಯಿಗೆ ಶಿರ್ವದ ಪಾದ್ರಿಗಳೂ ಹೆದರುತ್ತಾರೆ. ವಯಸ್ಸು ಮೂವತ್ತೇಳಾದರೂ ನೆಲ್ಸನ್‌ಗೆ ಮದುವೆಯಾಗಿರಲಿಲ್ಲ. ನೋಡಿದ ಹುಡುಗಿಯರೆಲ್ಲ ಅವನ ಸಿಟ್ಟಿನ ಸುದ್ದಿ ಮೊದಲೇ ಕೇಳಿಕೊಂಡು ಬಂದಿರುತ್ತಿದ್ದರು.

ಅವಳು ಸುಪ್ರೀತಾ. ಸಸಿಹಿತ್ಲಿನವಳು, ಮೀನುಗಾರರ ಮನೆಯವಳು. ಮುಲ್ಕಿಯ ಕಡಲಿನಲ್ಲಿ ಹಲಗೆಯೇರಿ ತೆರೆಯ ಮೇಲೆ ನಿಲ್ಲುವ ಸರ್ಫಿಂಗ್ ಕಲಿತವಳು. ಈಗ ದುಬೈಯ ಊದ್ ಮೇಥಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಕರೆತಂದ ಫಿಲಿಪಿನೋ ಗೆಳತಿ ಕಾರಿನಲ್ಲಿ ಹೀಟರ್ ಹಾಕಿಕೊಂಡು ಸುಖವಾಗಿ ನಿದ್ದೆ ಹೋಗಿದ್ದಳು.

ನೆಲ್ಸನ್ ವ್ಯಾನಿನ ಹಿಂಬಾಗಿಲು ತೆರೆದ. ಒಳಗೆ ಬಿಳಿ ಟವೆಲುಗಳ ಗೋಡೆ. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಒಂದನ್ನು ಎಳೆದು ಅವಳತ್ತ ಎಸೆದ.

"ಹೋಟೆಲಿನದ್ದಲ್ವಾ? ಬೈಯುದಿಲ್ವಾ?"

"ಮತ್ತೆ ಒಗೆಸ್ತೇನೆ. ಫೈವ್ ಸ್ಟಾರ್ ಟವೆಲು ಅದು. ಸುತ್ತಿಕೊಂಡವರು ಮಾತ್ರ ತ್ರೀ ಸ್ಟಾರ್."

"ಮೂರು ಕೊಟ್ಟಿರಲ್ಲ, ದೊಡ್ಡ ಮನಸ್ಸು." ಟವೆಲಿನೊಳಗಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಎರಡೂ ನಗುತ್ತಿದ್ದವು. "ಥ್ಯಾಂಕ್ಸ್ ಅಣ್ಣ."

ಆ 'ಅಣ್ಣ' ಎಂಬ ಮಾತು ಯಾಕೋ ನೆಲ್ಸನ್‌ಗೆ ಶೂ ಒಳಗೆ ಸೇರಿದ ಮರಳಿನ ಹಾಗೆ ದಾರಿಯುದ್ದಕ್ಕೂ ಚುಚ್ಚಿತು.

ಈ ಕೊಲ್ಲಿಯ ಕಡಲು ಸೋಮಾರಿ. ಸುಮ್ಮನೆ ಹರವಿದ ಚಾದರದ ಹಾಗೆ ಬಿದ್ದುಕೊಂಡಿರುತ್ತದೆ. ಚಳಿಗಾಲದಲ್ಲಿ ಬಡಗಣದಿಂದ 'ಶಮಾಲ್' ಗಾಳಿ ಬೀಸಿದಾಗ ಮಾತ್ರ ಅದು ಎದ್ದು ಕೂರುತ್ತದೆ. ಒಂದೆರಡು ದಿನ ತೆರೆ, ಆಮೇಲೆ ಮತ್ತೆ ನಿದ್ದೆ. ಸುಪ್ರೀತಾ ಬರುವುದು ಆಗ ಮಾತ್ರ.

ಹಾಗಾಗಿ ನೆಲ್ಸನ್ ಗಾಳಿಗೆ ಕಾಯತೊಡಗಿದ. ಬೆಳಿಗ್ಗೆ ಎದ್ದವನೇ ದುಬೈಯಲ್ಲಿ ತಾನಿರುವ ಸತ್ವಾದ ಗಲ್ಲಿಯಲ್ಲಿ ನಿಂತು, ದರ್ಜಿ ಅಂಗಡಿಯ ಮುಂದೆ ನೇತುಹಾಕಿದ ಬಟ್ಟೆ ಯಾವ ಕಡೆ ಹಾರುತ್ತಿದೆ ಎಂದು ನೋಡುತ್ತಿದ್ದ. ಧೂಳೆದ್ದು ಊರೆಲ್ಲ ಮೂಗು ಮುಚ್ಚಿಕೊಂಡು ಶಪಿಸುವ ದಿನ, ಇವನೊಬ್ಬ ಸೀಟಿ ಹೊಡೆಯುತ್ತ ವ್ಯಾನ್ ಹತ್ತುತ್ತಿದ್ದ.

ಅವಳು ನೀರಿನಲ್ಲಿರುವಾಗ ಅವನು ಬಂಪರಿನ ಮೇಲೆ ಕೂರುವನು. ಮಂಜೋ ಮರಳೋ ತಿಳಿಯದ ಬಿಳುಪಿನ ಆಚೆ ಅವಳೊಂದು ಕಪ್ಪು ಗೆರೆ. ತೆರೆ ಬರುವುದು, ಗೆರೆ ಬಾಗುವುದು, ಏಳುವುದು, ನಿಲ್ಲುವುದು. ಇಡೀ ಕಡಲು ಕಾಲಡಿಯಲ್ಲಿ ಮುರಿದು ನೊರೆಯಾಗುತ್ತಿದ್ದರೂ, ಸ್ವಂತ ಮನೆಯ ಜಗಲಿಯಿಂದ ಇಳಿದು ಬರುವವಳ ಹಾಗೆ ಬರುವಳು. ದಡ ಮುಟ್ಟುವ ಮೊದಲು ಒಮ್ಮೆ ಇವನ ಕಡೆ ನೋಡುವಳು, ನೋಡಲಿಲ್ಲ ಎಂಬಂತೆ. ಇವನು ಫ್ಲಾಸ್ಕಿನ ಮುಚ್ಚಳ ತಿರುಗಿಸುವನು, ಕಾಣಲಿಲ್ಲ ಎಂಬಂತೆ.

"ನೆಲ್ಸನ್, ಇವತ್ತು ಚಹಾಕ್ಕೆ ಶುಂಠಿ ಹಾಕಿದ್ದೀರಾ?" ಎಂದು ಒಂದು ದಿನ ಕೇಳಿದಳು.

ಅವನ ಕೈ ನಿಂತಿತು. "ಅಣ್ಣ ಎಲ್ಲಿ ಹೋಯ್ತು?"

"ಎಂತ ಅಣ್ಣ?"

"ಇಷ್ಟು ದಿನ ಹೆಸರಿನ ಹಿಂದೆ ಇತ್ತಲ್ಲ."

"ಓ, ಅದಾ? ಗಾಳಿಗೆ ಹಾರಿತೋ ಏನೋ." ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡಿದಳು. "ಬೇಕಿದ್ರೆ ಹುಡುಕಿ ತರ್ಲಾ?"

"ಬೇಡ!" ಎಂದ ನೆಲ್ಸನ್. ಅದು ಬೈದ ಹಾಗೆ ಕೇಳಿಸಿತು. ಕಿವಿ ಮಾತ್ರ ಕೆಂಡವಾಗಿತ್ತು. ಅವಳು ಆ ಕಿವಿಯನ್ನು ನೋಡುತ್ತ, ನಿಧಾನವಾಗಿ, ಒಂದೊಂದೇ ಗುಟುಕು ಚಹಾ ಕುಡಿದಳು.

ಸತ್ವಾದ ಹಳೆಯ ವಿಲ್ಲಾದ ಒಂದು ಕೋಣೆಯಲ್ಲಿ ನೆಲ್ಸನ್‌ನ ಮಂಚದ ಪಕ್ಕದ ಮಂಚ ಜುವಾಕಿಮನದು. ಜುವಾಕಿಂ ಹೋಟೆಲ್ ಅಡುಗೆಯವನು, ಐವತ್ತು ದಾಟಿದವನು. ಮೆಣಸಿಗಿಂತ ಅವನ ಮಾತು ಖಾರ.

"ನಿನ್ನ ಚಪ್ಪಲಿಯಲ್ಲಿ ಅರ್ಧ ಮರುಭೂಮಿ ಉಂಟು ಮಾರಾಯ. ನರ್ಸಮ್ಮನ ಹಿಂದೆ ಸುತ್ತುದಾ? ನೋಡು, ಕಡೆಗೆ ನೀನೂ ಮಿಸೆಸ್ ವಿಲ್ಸನ್ ಆಗ್ತಿ."

ವಿಲ್ಸನ್ ಈ ಕೋಣೆಯಲ್ಲೇ ಇದ್ದವನು. ನರ್ಸ್ ಹೆಂಡತಿಗೆ ಹೊರದೇಶದಲ್ಲಿ ಕೆಲಸವಾದಾಗ ಅವಳ ವೀಸಾದಲ್ಲಿ ಹಿಂದೆಯೇ ಹೋದ. ಆಗ ಅವನಿಗೆ 'ಮಿಸೆಸ್ ವಿಲ್ಸನ್' ಎಂದು ಹೆಸರಿಟ್ಟವನು ನೆಲ್ಸನ್. ಏರ್‌ಪೋರ್ಟಿನಲ್ಲೂ ಹಾಗೇ ಕರೆದು ಎಲ್ಲರನ್ನೂ ನಗಿಸಿದವನು ನೆಲ್ಸನ್. ವಿಲ್ಸನ್ ಮಾತ್ರ ನಕ್ಕಿರಲಿಲ್ಲ.

ಫೆಬ್ರವರಿಯ ಗಾಳಿ ಬಂದಾಗ ಸುಪ್ರೀತಾ ಹೆಚ್ಚು ಹೊತ್ತು ನೀರಿನಲ್ಲಿರಲಿಲ್ಲ. ಬೇಗ ಬಂದು, ಟವೆಲು ಸುತ್ತಿಕೊಂಡು, ವ್ಯಾನಿನ ಹಿಂಬಾಗಿಲಲ್ಲಿ ಅವನ ಪಕ್ಕ ಕುಳಿತಳು. ಇಬ್ಬರ ನಡುವೆ ಒಂದು ಫ್ಲಾಸ್ಕ್‌ನಷ್ಟೇ ಜಾಗ.

"ಐರ್ಲೆಂಡಿನಲ್ಲಿ ಕೆಲಸ ಆಯ್ತು," ಎಂದಳು. "ಮಾರ್ಚಿನಲ್ಲಿ ಹೋಗ್ಬೇಕು. ಕಡಲಿನ ಹತ್ತಿರದ ಆಸ್ಪತ್ರೆ. ಅಲ್ಲಿ ತೆರೆ ನಮ್ಮ ಹಾಗೆ ಗಾಳಿಗೆ ಕಾಯುದಿಲ್ಲವಂತೆ. ವರ್ಷ ಇಡೀ ಬರ್ತದಂತೆ."

ನೆಲ್ಸನ್ ಫ್ಲಾಸ್ಕಿನ ಮುಚ್ಚಳ ಬಿಗಿದ. "ನೀರು?" ಎಂದ.

"ಇದಕ್ಕಿಂತ ತಣ್ಣಗೆ."

"ಹುಚ್ಚು."

"ನೀವೂ ಬನ್ನಿ."

"ನನ್ನನ್ನು ಯಾರು ಕರೀತಾರೆ ಅಲ್ಲಿಗೆ?"

"ನಾನು." ಅವಳು ಅವನನ್ನು ನೋಡಲಿಲ್ಲ. ಟವೆಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಮದುವೆ ಆದ್ರೆ ನನ್ನ ವೀಸಾದಲ್ಲಿ ಬರ್ಲಿಕ್ಕೆ ಆಗ್ತದೆ. ರಿಜಿಸ್ಟರ್ ಮದುವೆ ಸಾಕು ನನಗೆ. ಇಗರ್ಜಿಯೂ ಆಗಬಹುದು, ದೇವಸ್ಥಾನವೂ ಆಗಬಹುದು."

ಒಂದು ಕ್ಷಣ ಇಡೀ ಕಡಲು ನೆಲ್ಸನ್‌ನನ್ನು ಎತ್ತಿ ಹಿಡಿಯಿತು. ಅವಳೇ ಕೇಳಿದಳು! ಅವಳಿಗೂ ಬೇಕು! ಮರುಕ್ಷಣ ಏರ್‌ಪೋರ್ಟಿನ ಆ ನಗು ಕಿವಿಯಲ್ಲಿ ಕೇಳಿಸಿತು.

"ನಿನ್ನ ವೀಸಾದಲ್ಲಿ? ಹೆಂಡತಿ ಸ್ಪಾನ್ಸರ್, ಗಂಡ ಡಿಪೆಂಡೆಂಟಾ? ಇಲ್ಲಿ ಗಂಡನ ವೀಸಾದಲ್ಲಿ ಬಂದ ಹೆಂಗಸರ ಪಾಸ್‌ಪೋರ್ಟಿನಲ್ಲಿ 'ಹೌಸ್‌ವೈಫ್, ಕೆಲಸ ಮಾಡುವಂತಿಲ್ಲ' ಅಂತ ಮುದ್ರೆ ಹೊಡೀತಾರಲ್ಲ, ನನಗೂ ಹಾಗೆ ಹೊಡೆಸ್ತೀಯಾ? ಬೆಳಿಗ್ಗೆ ನೀನು ಡ್ಯೂಟಿಗೆ ಹೋಗುದು, ನಾನು ಪಾತ್ರೆ ತೊಳೆದು ಬಾಗಿಲಲ್ಲಿ ಕಾಯುದಾ? ನನ್ನನ್ನು ಎಂತ ಅಂತ ತಿಳಿದಿದ್ದಿ?"

ಅವನು 'ನೀನು' ಎಂದದ್ದು ಅದೇ ಮೊದಲು. ಅಂಥ ಮಾತಿನಲ್ಲಿ ಅದು ಹೊರಬೀಳಬೇಕೇ?

ಸುಪ್ರೀತಾ ಕಣ್ಣು ಕೆಳಗಿಳಿಸಲಿಲ್ಲ.

"ನನ್ನ ಅತ್ತಿಗೆ ಲೋಲಾಕ್ಷಿ ಇಲ್ಲೇ ದುಬೈಯ ಮುರಕ್ಕಬಾತ್‌ನಲ್ಲಿದ್ದಾಳೆ. ಎಂ.ಎ. ಓದಿದವಳು. ಅವಳ ಪಾಸ್‌ಪೋರ್ಟಿನಲ್ಲಿ ಆ ಮುದ್ರೆ ಉಂಟು. ಅವಳಿಗೆ ಮರ್ಯಾದೆ ಹೋಗ್ಲಿಲ್ಲ, ನಿಮ್ಮದು ಹೋಗ್ತದಾ?"

"ಅದು ಬೇರೆ!"

"ಹೇಗೆ ಬೇರೆ?"

ನೆಲ್ಸನ್ ಇನ್ನಷ್ಟು ದೊಡ್ಡ ಸ್ವರದಲ್ಲಿ ಏನೇನೋ ಹೇಳಿದ. ಅವಳು ಟವೆಲನ್ನು ನಾಲ್ಕಾಗಿ ಮಡಚಿ ಅವನ ತೊಡೆಯ ಮೇಲಿಟ್ಟಳು.

"ನಿಮಗೆ ನಾನು ಬೇಕಾ, ಬೇಡ್ವಾ? ನಾನು ಕೇಳಿದ್ದು ಅಷ್ಟೇ. ಉಳಿದದ್ದೆಲ್ಲ ಬರೀ ಬೊಬ್ಬೆ. ಹೋಗುವ ಮೊದಲು ಇನ್ನೊಂದು ಶಮಾಲ್ ಬಂದ್ರೆ ಇಲ್ಲೇ ಸಿಗ್ತೇನೆ."

ಗಾಳಿ ಬರಲಿಲ್ಲ. ಕಡಲು ಕನ್ನಡಿಯಾಗಿ ಮಲಗಿತು. ನೆಲ್ಸನ್ ಫೋನಿನಲ್ಲಿ ಬರೆದ, ಅಳಿಸಿದ, ಬರೆದ. ಕ್ಷಮೆ ಕೇಳಿದರೆ ಸಾಲದು ಎಂಬುದು ಅವನಿಗೆ ಗೊತ್ತಿತ್ತು. ಅವಳು ಕೇಳಿದ್ದು ಕ್ಷಮೆಯಲ್ಲವಲ್ಲ. ಟವೆಲಿನ ರಾಶಿಗೆ ಒರಗಿ ಕಣ್ಣು ಮುಚ್ಚಿದರೆ, ಬಿಳುಪಿನ ಆಚೆ ಆ ಕಪ್ಪು ಗೆರೆ ಏಳುತ್ತಿತ್ತು, ನಿಲ್ಲುತ್ತಿತ್ತು, ಇವನತ್ತ ಬರುತ್ತಲೇ ಇತ್ತು, ದಡ ಮಾತ್ರ ಮುಟ್ಟುತ್ತಿರಲಿಲ್ಲ.

"ಮಿಸೆಸ್ ವಿಲ್ಸನ್ ಫೋನ್ ಮಾಡಿದ್ದ," ಎಂದ ಜುವಾಕಿಂ ಒಂದು ಸಂಜೆ. "ಹೆಣ್ಣು ಮಗುವಂತೆ. ಹೆಂಡತಿ ಡ್ಯೂಟಿಗೆ ಹೋದ್ರೆ ಇವನೇ ತೊಟ್ಟಿಲು ತೂಗುದಂತೆ. ಸ್ವರ ಕೇಳ್ಬೇಕಿತ್ತು ಮಾರಾಯ, ಖುಷಿ ಅಂದ್ರೆ ಖುಷಿ."

"ಅವನಿಗೆ ಒಂದು ಹೆಸರುಂಟು! ವಿಲ್ಸನ್ ಅಂತ ಹೇಳು!"

ಜುವಾಕಿಂ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ. "ಹೆಸರಿಟ್ಟವನು ನೀನಲ್ವಾ?"

ನೆಲ್ಸನ್ ಗೋಡೆಯ ಕಡೆ ತಿರುಗಿ ಮಲಗಿದ. ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಮಾರ್ಚಿನ ಮೊದಲ ವಾರ ದರ್ಜಿ ಅಂಗಡಿಯ ಬಟ್ಟೆಗಳು ತೆಂಕಣಕ್ಕೆ ಹಾರಿದವು.

ನೆಲ್ಸನ್ ತಲುಪಿದಾಗ ಅವಳು ಆಗಲೇ ದೂರದಲ್ಲಿದ್ದಳು, ಹಲಗೆಯ ಮೇಲೆ ಕುಳಿತು, ದಡಕ್ಕೆ ಬೆನ್ನು ಹಾಕಿ. ಅವನು ಈ ಸಲ ಶೂ ಕಳಚಿದ. ಅಂಗಿ ಕಳಚಿದ. ಮೆಲ್ಲಗೆ ನೀರಿಗಿಳಿದ. ಮೊಣಕಾಲು, ಸೊಂಟ, ಎದೆ. ಚಳಿ ಮೂಳೆಯನ್ನು ಮುಟ್ಟಿತು. ಕಾಲ ಕೆಳಗಿನ ಮರಳು ಜಾರುತ್ತಿತ್ತು. ಓಡಿಹೋಗೋಣ ಎಂದು ಮೈಯೆಲ್ಲ ಹೇಳಿದರೂ ನಿಂತುಕೊಂಡ.

ಅವಳು ತಿರುಗಿ ನೋಡಿದಳು. ಕೈಯಿಂದ ನೀರು ಸೀಳುತ್ತ ಬಂದಳು.

"ಎಂತ, ಪುನಃ ಕಾಪಾಡ್ಲಿಕ್ಕೆ ಬಂದದ್ದಾ?"

ಹಲ್ಲು ಕಟಕಟಿಸುತ್ತಿತ್ತು. ಬೈಯಲು ಉಸಿರೇ ಇರಲಿಲ್ಲ. "ಕ... ಕಲಿಸು."

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಹಲಗೆಯಿಂದ ಇಳಿದು, ಅವನನ್ನು ಅದರ ಮೇಲೆ ಬೋರಲು ಮಲಗಿಸಿದಳು.

"ಈಗ ಎಂತ ಮಾಡ್ಬೇಕು?"

"ಎಂತದೂ ಮಾಡ್ಲಿಕ್ಕಿಲ್ಲ. ತೆರೆ ಬಂದಾಗ ನಾನು ದೂಡ್ತೇನೆ."

"ಬಿದ್ರೆ?"

"ಬಿದ್ರೆ ನಾನಿದ್ದೇನಲ್ಲ, ಮಾರಾಯ್ರೆ."

ಏನೂ ಮಾಡದೆ ಇರುವುದು! ನೆಲ್ಸನ್‌ಗೆ ಅದಕ್ಕಿಂತ ಕಷ್ಟದ ಕೆಲಸ ಯಾರೂ ಹೇಳಿರಲಿಲ್ಲ. ಬೆನ್ನ ಹಿಂದೆ ನೀರು ಉಬ್ಬುವ ಸದ್ದು ಕೇಳಿಸಿತು. ಅವಳ ಅಂಗೈ ಅವನ ಪಾದವನ್ನು ಒತ್ತಿತು. ಆ ಒತ್ತು ಎಷ್ಟು ಹಗುರ! ಮರುಕ್ಷಣ ಕಡಲೇ ಅವನನ್ನು ಎತ್ತಿಕೊಂಡಿತು. ಗಾಳಿ, ನೊರೆ, ಬೆಳಕು ಎಲ್ಲ ಒಂದಾಗಿ ಎರಡೂ ಕಡೆ ಹಿಂದಕ್ಕೆ ಓಡಿದವು. ಅವನು ಕೂಗಿದ. ಅದರಲ್ಲಿ ಸಿಟ್ಟಿರಲಿಲ್ಲ. ಏನಿತ್ತೆಂದು ಅವನಿಗೂ ಗೊತ್ತಿರಲಿಲ್ಲ. ಹಲಗೆ ಮರಳನ್ನು ಉಜ್ಜಿ ನಿಂತಾಗ ಅವನು ಒಬ್ಬನೇ ಗಟ್ಟಿಯಾಗಿ ನಗುತ್ತಿದ್ದ.

ಎದ್ದವನೇ ಹಲಗೆ ಬಿಟ್ಟು ಮತ್ತೆ ನೀರಿಗೆ ನಡೆದ. ಸೊಂಟದ ಮಟ್ಟದ ನೊರೆಯಲ್ಲಿ ಅವಳು ಎದುರಾದಳು.

"ಬೇಕು," ಎಂದ.

"ಎಂತ ಬೇಕು?"

"ನೀನು. ನೀನು ಬೇಕು ನನಗೆ. ಸಿಟ್ಟು ಹೋಗುದಿಲ್ಲ ನನ್ನದು, ಮೊದಲೇ ಹೇಳ್ತೇನೆ. ಆದ್ರೆ ನಿನ್ನ ಜೊತೆ ಬರ್ತೇನೆ."

"ನನ್ನ ವೀಸಾದಲ್ಲಾ?"

"ನಿನ್ನ ವೀಸಾದಲ್ಲಿ."

"ನಾಳೆ ಯಾರಾದ್ರೂ ನಗಾಡಿದ್ರೆ?"

ನೆಲ್ಸನ್ ಅವಳ ಮಣಿಕಟ್ಟು ಹಿಡಿದು ದಡಕ್ಕೆ ಕರೆದುಕೊಂಡು ಹೋದ. ವ್ಯಾನಿನಿಂದ ಫೋನ್ ತೆಗೆದು, ಜುವಾಕಿಮನಿಗೆ ಕರೆ ಮಾಡಿದ. ಅವಳಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಜುವಾಕಿಂ ಬಾಬ್, ನಾನು ಮದುವೆ ಆಗ್ತಿದ್ದೇನೆ. ಹೆಂಡತಿಯ ವೀಸಾದಲ್ಲಿ ಐರ್ಲೆಂಡಿಗೆ ಹೋಗ್ತಿದ್ದೇನೆ. ಕೋಣೆಯವರಿಗೆಲ್ಲ ನೀನೇ ಹೇಳು, ನಗುದು ಇವತ್ತೇ ನಕ್ಕು ಮುಗಿಸ್ಲಿ. ವಿಲ್ಸನನ ನಂಬರ್ ಕಳಿಸು. ಅವನ ಹತ್ತಿರ ಒಂದು ಮಾತು ಆಡ್ಲಿಕ್ಕುಂಟು."

ಆ ಕಡೆ ಸೌಟು ಪಾತ್ರೆಗೆ ಬಿದ್ದ ಸದ್ದು. ಆಮೇಲೆ ಜುವಾಕಿಮನ ಸ್ವರ, ಎಂದಿನ ಖಾರವಿಲ್ಲದೆ: "ಮದುವೆ ಅಡುಗೆ ನನ್ನದು. ಬೇರೆ ಯಾರಿಗಾದ್ರೂ ಕೊಟ್ಟರೆ ಕಾಲು ಮುರೀತೇನೆ."

ಸುಪ್ರೀತಾಳ ಕಣ್ಣಂಚಿನಲ್ಲಿದ್ದದ್ದು ಕಡಲಿನ ನೀರಾಗಿರಲಿಲ್ಲ. ಅದನ್ನು ಒರೆಸಿಕೊಳ್ಳದೆ ಅವನನ್ನೇ ನೋಡಿದಳು. ಆ ನೋಟದಲ್ಲಿ ಚೇಷ್ಟೆ ಮೆಲ್ಲಗೆ ಮರಳಿ ಬಂತು.

"ಸರಿ. ಈಗ ಶಿರ್ವಕ್ಕೆ ಮಾಡಿ. ಮಾರ್ಟಿನಕ್ಕನಿಗೆ."

ನೆಲ್ಸನ್‌ನ ಮುಖದ ಬಣ್ಣ ಇಳಿಯಿತು. ಅವನು ಫೋನನ್ನು ಅವಳ ತಣ್ಣನೆಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

"ಅದೆಲ್ಲ ನನ್ನಿಂದಾಗುದಿಲ್ಲ," ಎಂದ. "ಅದಕ್ಕೆ ಸ್ಪಾನ್ಸರ್ ಮಾತಾಡ್ಬೇಕು."

ಅವಳ ನಗು ಗಾಳಿಯನ್ನೂ ಮೀರಿ ಕೇಳಿಸಿತು. ನಗುತ್ತಲೇ ಅವನ ಹೆಗಲಿಗೆ ಒದ್ದೆ ತಲೆ ಆನಿಸಿದಳು. ಶಿರ್ವದಲ್ಲಿ ಫೋನ್ ರಿಂಗಾಗತೊಡಗಿತು.