ಹೊಸ್ತಿಲಾಚೆಯ ವೈರ್‌ಮನ್

ಅಡುಗೆಮನೆಯ ಮಸಿ ಹಿಡಿದ ಗೋಡೆ. ಅದರ ನಡುವೆ ಅಂಗೈಯಗಲದ ಹೊಸ ತೇಗದ ಹಲಗೆ. ಹಲಗೆಯ ತೂತಿನಿಂದ ಮೂರು ತಂತಿಗಳು ಹೊರಕ್ಕೆ ಬಾಗಿವೆ: ಒಂದು ಕೆಂಪು, ಒಂದು ಕಪ್ಪು, ಇನ್ನೊಂದು ಬರಿಯ ತಾಮ್ರ. ಬೆಳಕಿಂಡಿಯಿಂದ ಇಳಿದ ಬಿಸಿಲು ತಾಮ್ರದ ತುದಿಯಲ್ಲಿ ಸಣ್ಣಗೆ ಕೂತಿದೆ. ಕೆಳಗೆ ಒಲೆಯಲ್ಲಿ ನೀಲಗಿರಿ ಮರದ ಸೌದೆ ಆರಿದೆ; ಹೊಗೆ ಮಾತ್ರ ಹೋಗಲು ಮನಸ್ಸಿಲ್ಲದೆ ತೊಲೆಯಡಿ ನಿಂತಿದೆ. ಯಾವುದೂ ಅಲುಗುತ್ತಿಲ್ಲ.

“ನಿಂತ್ಕೊ ಅಲ್ಲೇ! ಹೊಸ್ತಿಲು ದಾಟಬ್ಯಾಡ!”

ಚನ್ನಾಜಮ್ಮನ ಕೂಗಿಗೆ ವೈರ್‌ಮನ್ ಪುಟ್ಟಯ್ಯ ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

ಅವನ ಕೊರಳು ಬರಿದು. ಲಿಂಗವಿಡುವ ಬೆಳ್ಳಿಯ ಕರಡಿಗೆ ಎದೆಯ ಮೇಲೆ ಕಾಣಲಿಲ್ಲ. ಲಿಂಗವಂತರ ಆ ಮನೆಯಲ್ಲಿ ಲಿಂಗವಿಲ್ಲದವರು ಅಡುಗೆಮನೆಗೆ ಬರುವಂತಿರಲಿಲ್ಲ.

ಪೈಕಾರ ಹೊಳೆಯಿಂದ ತೆಗೆದ ವಿದ್ಯುತ್ತು ಊಟಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹೊಗೆಯಿಂದ ಹೆಂಡತಿ ಚನ್ನಾಜಮ್ಮನ ಕಣ್ಣು ಮಂಜಾಗುತ್ತಿದೆಯೆಂದು ಆಲೂಗಡ್ಡೆ ಮಂಡಿಯ ಶಿವಲಿಂಗಯ್ಯನವರು ಕರೆಂಟಿನ ಒಲೆ ತರಿಸಿದ್ದರು. ಪುಟ್ಟಯ್ಯ ಐದು ದಿನಗಳಿಂದ ಮನೆಗೆಲ್ಲ ತಂತಿ ಎಳೆದಿದ್ದ. ಅಡುಗೆಮನೆಗೆ ಮಾತ್ರ ಹೊರಗೋಡೆ ಕೊರೆದು ತೂರಿಸಿದ್ದ. ಹಲಗೆಯನ್ನು ಶಿವಲಿಂಗಯ್ಯನವರೇ ಸೊಟ್ಟಗೆ ಬಡಿದು ಮಂಡಿಗೆ ಹೋಗಿದ್ದರು.

ಉಳಿದದ್ದು ಪ್ಲಗ್ ಪಾಯಿಂಟ್ ಕೂರಿಸುವ ಕೆಲಸ.

“ಹಂಗಾದ್ರೆ ಯಾರು ಕೂರಿಸೋದು, ಅವ್ವಾ? ನೀವೇ ಮಂತ್ರ ಹಾಕಿ ಅಂಟಿಸ್ತೀರಾ?”

“ಬಾಯಿ ನೋಡು ಇವನ್ದು!”

“ನಾನು ಕೂರಿಸ್ತೀನಿ,” ಎಂದಳು ಮಗಳು ಲಿಂಗಮ್ಮ.

ಅವಳಿಗೆ ಭಯವಿತ್ತು; ಕರೆಂಟಿನ ಭಯವಲ್ಲ. ಸೋಮವಾರ ಹೆಣ್ಣು ನೋಡಲು ಬನ್ನಿರೆಂದು ನಂಜನಗೂಡಿನವರಿಗೆ ಬರೆದ ಕಾಗದ ಅಪ್ಪನ ಜೇಬಿನಲ್ಲಿತ್ತು. ಮಧ್ಯಾಹ್ನದ ಟಪಾಲಿಗೆ ಅದು ಹೊರಡುತ್ತದೆ. ಕೆಲಸ ಮುಗಿದರೆ ಪುಟ್ಟಯ್ಯನೂ ಹೊರಡುತ್ತಾನೆ!

ಐದು ದಿನ ಏಣಿ ಹಿಡಿದು ನಿಂತವಳಿಗೆ, ಏಣಿಯ ಮೇಲಿನ ಮನುಷ್ಯ ಕೆಳಗಿಳಿಯುವುದೇ ಬೇಡವೆನಿಸಿದ್ದು ಯಾವ ದಿನ? ಆದರೆ ಅವನು ನಮ್ಮವನಲ್ಲ... ಅವ್ವ ಒಪ್ಪುವಳೇ? ಅಪ್ಪ?

ಪುಟ್ಟಯ್ಯ ಮೇನ್ ಬೋರ್ಡಿನ ಫ್ಯೂಸನ್ನು ಕಿತ್ತು ತಂದು ಅಂಗೈಯಲ್ಲಿ ತೋರಿಸಿದ. “ಇದು ನನ್ನ ಕೈಲಿರೋವರೆಗೂ ಆ ತಂತಿಗೆ ಜೀವ ಇಲ್ಲ, ಅಮ್ಮಣ್ಣಿ. ಹೆದರಬೇಡಿ.”

ಹಾಗೆಂದವನೇ ಫ್ಯೂಸನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

“ನೀವ್ಯಾಕೆ ಹೆದರ್ತಿದ್ದೀರಿ?”

“ಈ ಕೆಲಸ ಇನ್ನೊಬ್ಬರ ಕೈಲಿ ಮಾಡಿಸಿದ್ದೇ ಇಲ್ಲ. ಕೆಂಪು ಬಲಗಡೆ ತಿರುಪಿಗೆ... ಒಂದು ಸುತ್ತು. ಎಳೆ ಹೊರಗೆ ಉಳೀಬಾರದು, ಒಂದೂ!”

ಅವಳು ಸುತ್ತಿದಳು. ಕಪ್ಪನ್ನು ಎಡಕ್ಕೆ ಬಿಗಿದಳು.

“ಬರಿ ತಾಮ್ರ?”

“ಮೇಲಿನದಕ್ಕೆ. ಅದು ನೆಲಕ್ಕೆ ಹೋಗೋದು. ಏನಾದ್ರೂ ಎಡವಟ್ಟಾದ್ರೆ ಹೊತ್ಕೊಳ್ಳೋದು ಅದೇ.”

ತಿರುಪು ಬಿಗಿಯುತ್ತಿದ್ದ ತಿರುಪುಳಿ ಜಾರಿತು. ಲಿಂಗಮ್ಮನ ಹೆಬ್ಬೆರಳು ಸೀಳಿ ರಕ್ತ ಜಿನುಗಿತು.

“ಅಯ್ಯೋ!”

ಪುಟ್ಟಯ್ಯನ ಮುಖ ಬಿಳಿಚಿತು. ಹೊಸ್ತಿಲವರೆಗೆ ನುಗ್ಗಿದವನು ಬಾಗಿಲ ಚೌಕಟ್ಟನ್ನು ಹಿಡಿದು ತನ್ನನ್ನು ತಾನೇ ತಡೆದುಕೊಂಡ.

“ಕೈ ತೆಗೀರಿ! ತಂತಿಯಿಂದ ಕೈ ತೆಗೀರಿ!”

ಫ್ಯೂಸು ತನ್ನ ಮುಷ್ಟಿಯಲ್ಲೇ ಇದೆಯೆಂಬುದನ್ನು ಅವನು ಮರೆತಿದ್ದ!

ಲಿಂಗಮ್ಮ ಆ ಮುಷ್ಟಿಯನ್ನು ನೋಡಿದಳು, ಆಮೇಲೆ ಅವನ ಮುಖವನ್ನು. ಇಷ್ಟು ಬಲ್ಲವನಿಗೆ ಇಂಥ ಮರೆವು ಬರಬೇಕಾದರೆ...

“ಒಳಗೆ ಬನ್ನಿ,” ಎಂದಳು.

“ಲಿಂಗೂ! ಏನಂತಿದ್ದೀಯೇ?”

“ಇವರು ಯಾರಾದ್ರೂ ಆಗಿರ್ಲಿ, ಅವ್ವಾ. ನಂಜನಗೂಡಿನವರ ಮುಂದೆ ನಾನು ಕೂರಲ್ಲ. ಇವರು ದಾಟಬಾರದ ಹೊಸ್ತಿಲು ಇನ್ಮೇಲೆ ನನಗೂ ಬೇಡ.”

ಆಡಿದ ಮೇಲೆ ಅವಳಿಗೇ ಭಯವಾಯಿತು. ಅವ್ವನ ಮುಖ ನೋಡಲಾರದೆ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಪುಟ್ಟಯ್ಯ ನಿಧಾನವಾಗಿ ಎಡತೋಳಿನ ಅಂಗಿ ಮಡಚಿದ. ತೋಳಿಗೆ ಬಿಗಿದ ಕಾವಿಯ ವಸ್ತ್ರ. ಅದರ ಗಂಟಿನಲ್ಲಿ ಲಿಂಗ.

“ಬಗ್ಗಿದಾಗ ಬೆಳ್ಳಿ ಕರಡಿಗೆ ತಂತಿಗೆ ತಾಗಿದ್ರೆ ಜೀವ ಉಳಿಯಲ್ಲ, ಅವ್ವಾ. ನಮ್ಮ ಮಠದ ಅಯ್ನೋರನ್ನ ಕೇಳಿಯೇ ಹಿಂಗೆ ಕಟ್ಕೊಂಡಿದೀನಿ.”

“ಅಯ್ಯೋ ಶಿವನೇ! ಐದು ದಿನ ಹಿತ್ತಲಲ್ಲಿ ಕೂರಿಸಿ ಉಣ್ಣಾಕಿಕ್ಕಿದ್ನಲ್ಲೋ! ಬಾಯ್ಬಿಟ್ಟು ಹೇಳಬಾರ್ದಾ?”

“ನೀವು ಕೇಳಲಿಲ್ಲ. ಬಾಗಿಲಲ್ಲಿ ತೋರಿಸಿ ಒಳಗೆ ಬರೋಕೆ ಅದೇನು ರೈಲು ಟಿಕೇಟಾ?”

ಲಿಂಗಮ್ಮನ ಕಣ್ಣು ಕೋಪಕ್ಕೇ ತುಂಬಿ ಬಂತು. “ನನಗಾದ್ರೂ ಹೇಳಬಾರದಿತ್ತಾ? ಐದು ದಿನ ನಾನು... ನಾನು ಎಷ್ಟು...”

“ದಿನಾ ಹೇಳಬೇಕು ಅನ್ಕೊಂಡೆ. ಹೇಳಿದ ಮೇಲೆ ನೀವು ಕರೆದ್ರೆ, ಕರೆದಿದ್ದು ನನ್ನನ್ನೋ ಲಿಂಗವನ್ನೋ ಅನ್ನೋದು ನನಗೆ ಜನ್ಮದಲ್ಲಿ ತಿಳೀತಿರಲಿಲ್ಲ.”

ಚನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಯಾವೂರಪ್ಪಾ ನಿಮ್ದು?”

“ಗುಂಡ್ಲುಪೇಟೆ. ಈಗ ನಮ್ಮವ್ವ ಗೂಡಲೂರಲ್ಲಿದ್ದಾಳೆ.”

“ನಂಜನಗೂಡಿನ ಕಾಗದ ಹಾಕೋ ಟಪಾಲು ಹನ್ನೆರಡಕ್ಕೆ ಕಟ್ತಾರೆ. ಇವರಪ್ಪ ಮಂಡಿಲವ್ರೆ, ಹೋಗಿ ಹೆಣ್ಣು ಕೇಳು. ಇನ್ನೂ ನಿಂತ್ಕೊಂಡೇ ಇದ್ದೀಯಲ್ಲಪ್ಪಾ... ಓಡು!”

ಗಡಿಯಾರದಲ್ಲಿ ಹನ್ನೊಂದೂವರೆ. ಲಿಂಗಮ್ಮ ಬೀದಿಬಾಗಿಲವರೆಗೆ ಓಡಿಬಂದಳು.

“ಅಪ್ಪ ಬೇಡ ಅಂದ್ರೆ?”

“ಸಾಯಂಕಾಲ ಮತ್ತೆ ಕೇಳ್ತೀನಿ.”

“ಆಗಲೂ ಬೇಡ ಅಂದ್ರೆ?”

“ನಾಳೆ... ನಾಳಿದ್ದು... ಆ ಬೆರಳಿಗೆ ಅರಿಶಿನ ಹಚ್ಕೊಳ್ಳಿ, ಅಮ್ಮಣ್ಣಿ.”

“ಅಮ್ಮಣ್ಣಿ ಅಲ್ಲ... ಲಿಂಗೂ.”

ಅವನು ಹೊಸ್ತಿಲಲ್ಲಿ ತಿರುಗಿ ನಿಂತ. “ಬರ್ತೀನಿ, ಲಿಂಗೂ.”

ಬೆಟ್ಟದ ಚಳಿಗಾಳಿ ಒಮ್ಮೆ ಒಳಗೆ ನುಗ್ಗಿತು. ಅವನ ಬೆನ್ನಹಿಂದೆ ಬಾಗಿಲು ಮುಚ್ಚಿಕೊಂಡಿತು.